ಎಡಕ್ಕೆ ತಿರುಗಿದರೆ ಕಟಕಟ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರ ಕಾರಿಗೂ ಕಾಯಿಲೆ ಇರುವುದಿಲ್ಲ. ಇದ್ದರೂ ಗೊತ್ತಾಗುವುದಿಲ್ಲ. ಗಾಜು ಪೂರ್ತಿ ಏರಿಸಿರುತ್ತೇವೆ. ತಲೆ ಮೇಲೆ ಮಳೆ ಧೋ ಅಂತ ಸುರಿಯುತ್ತಿರುತ್ತದೆ. ವೈಪರ್ ತನ್ನ ಪಾಡಿಗೆ ಗೊಣಗುತ್ತಿರುತ್ತದೆ. ಒಳಗೆ ಆವಿ ಕಟ್ಟಿದ ಗಾಜನ್ನು ಹಳೇ ಬನಿಯನ್ ತುಂಡಿನಿಂದ ಒರೆಸುವುದೇ ಎಲ್ಲರ ಕೆಲಸ. ಅಕ್ಟೋಬರ್‌ನಲ್ಲಿ ಬಿಸಿಲು ಬಂದು ಗಾಜು ಇಳಿಸುತ್ತೇವೆ ನೋಡಿ, ಆಗ ಶುರು. ಮಳೆಗಾಲವಿಡೀ ಕಾರು ಹೇಳಿಕೊಂಡಿದ್ದ ಸಂಕಟವೆಲ್ಲ ಒಟ್ಟಿಗೇ ಕಿವಿಗೆ ಬೀಳುತ್ತದೆ.

ನಮ್ಮ ಹಳೇ ಪುಟ್ಟ ಕಾರು ಈ ಸಲ ಆರಿಸಿಕೊಂಡದ್ದು ಕಟಕಟ. ನೆಟ್ಟಗೆ ಹೋಗುವಾಗ ಏನೂ ಇಲ್ಲ. ಮನೆಯ ಗೇಟು ದಾಟಿ ತೋಟದ ದಾರಿಗೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕಟ್, ಕಟ್, ಕಟ್, ಕಟ್. ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ.

“ರೀ, ಎಡಗಡೆ ಚಕ್ರದಲ್ಲಿ ಏನೋ ಆಗಿದೆ,” ಅಂದಳು ಹೆಂಡತಿ. ನನಗೆ ಬಲಗಡೆ ಕೇಳಿಸಿತ್ತು. ಅವಳು ಕೂರುವುದು ಎಡಗಡೆ, ನಾನು ಬಲಗಡೆ. ಹಿಂದಿನ ಸೀಟಿನಲ್ಲಿದ್ದ ಅತ್ತೆ ಶಬ್ದ ಹಿಂದಿನಿಂದಲೇ ಅಂತ ತೀರ್ಪು ಕೊಟ್ಟರು. ಅವರು ನನ್ನ ಜೊತೆ ನೇರವಾಗಿ ಮಾತಾಡುವುದು ಕಡಿಮೆ. “ಆಯುಧ ಪೂಜೆ ದಿನ ನಿಂಬೆಹಣ್ಣು ಸರಿಯಾಗಿ ಜಜ್ಜಲಿಲ್ಲ, ಪಕ್ಕಕ್ಕೆ ಹಾರಿತು. ನಾನು ಆವತ್ತೇ ಅಂದುಕೊಂಡೆ. ನಿನ್ನ ಗಂಡನಿಗೆ ಹೇಳು,” ಅಂತ ಮಗಳಿಗೆ ಹೇಳಿದರು. ಗಂಡ ಅಲ್ಲೇ ಒಂದು ಮೊಳ ದೂರದಲ್ಲಿದ್ದ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುವವನೇ ನಾನು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಉಕ್ಕಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡುತ್ತದೆ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಇಡೀ ಕಾರೇ ಉಕ್ಕು. ಒಂದು ಚಕ್ರದ ಬುಡದಲ್ಲಿ ಹುಟ್ಟಿದ ಶಬ್ದ ಬಾಡಿಯೆಲ್ಲ ಸುತ್ತಾಡಿ ಡ್ಯಾಶ್‌ಬೋರ್ಡಿನ ಒಳಗಿಂದಲೋ ಸೀಟಿನ ಅಡಿಯಿಂದಲೋ ಬಂದ ಹಾಗೆ ಕೇಳಿಸುವುದು ಸಹಜ. ಇದನ್ನು ನಾನು ಕಾರಿನಲ್ಲಿ ವಿವರಿಸಿದೆ. ಯಾರೂ ನೋಟ್ಸ್ ಬರೆದುಕೊಳ್ಳಲಿಲ್ಲ.

ನಮ್ಮ ಕಡೆ ಕಾರಿನಲ್ಲಿ ಶಬ್ದ ಬಂತು ಅಂತ ಒಬ್ಬರಿಗೆ ಹೇಳಿದರೆ ಸಾಕು, ಊರಿಗೇ ಹೇಳಿದಂತೆ. ಜಿಲ್ಲೆಗೆ ಇವತ್ತಿನವರೆಗೆ ರೈಲು ಬಂದಿಲ್ಲ. ಎಲ್ಲರ ಬದುಕೂ ರಸ್ತೆ ಮೇಲೆ, ಹಾಗಾಗಿ ಎಲ್ಲರೂ ಅರ್ಧ ಮೆಕ್ಯಾನಿಕ್‌ಗಳೇ. ಮೊದಲು ಬಂದವರು ಪಕ್ಕದ ತೋಟದ ಸುಬೇದಾರ್ ಮಾವ. ಸೈನ್ಯದಿಂದ ನಿವೃತ್ತಿಯಾಗಿ ಬಂದ ಮೇಲೆ ತೋಟ, ನಾಯಿ, ಹಳೇ ಜೀಪು, ಇಷ್ಟೇ ಅವರ ಲೋಕ. ನಾನು ಗೇಟಿನ ಹತ್ತಿರ ಕಾರು ತಿರುಗಿಸುವುದನ್ನು ಬೇಲಿಯಾಚೆಯಿಂದ ಕೇಳಿ ಒಂದೇ ಮಾತಿನಲ್ಲಿ ಮುಗಿಸಿದರು.

“ಕ್ರಾಸ್ ಹೋಗಿದೆ.”

ಅವರ ಜೀಪಿನ ಅಡಿಯಲ್ಲಿ ಉದ್ದಕ್ಕೂ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದೆ. ಅದರ ತುದಿಗಳಲ್ಲಿ ಕ್ರಾಸ್ ಜಾಯಿಂಟ್ ಅನ್ನುವ ಕೀಲುಗಳಿವೆ. ತೋಟದ ಕೆಸರಿನಲ್ಲಿ ಓಡಾಡುವ ಜೀಪಿಗೆ ಕ್ರಾಸ್ ಹೋಗುವುದು ಮಾಮೂಲಿ. ನನ್ನದು ಮುಂದಿನ ಚಕ್ರವೇ ಎಳೆಯುವ ಗಾಡಿ, ಅಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. “ಮಾವ, ಇದರಲ್ಲಿ ಕ್ರಾಸೇ ಇಲ್ವಲ್ಲ,” ಅಂದೆ. “ಕ್ರಾಸ್ ಇಲ್ಲದ ಗಾಡಿ ಯಾವುದಯ್ಯ?” ಅಂತ ನನ್ನನ್ನೇ ಗದರಿಸಿದರು. ಸುಬೇದಾರರಿಗೆ ಎದುರಾಡುವ ಅಭ್ಯಾಸ ನಮ್ಮ ಕಡೆ ಇಲ್ಲ.

ಮಡಿಕೇರಿಯಲ್ಲಿ ಪರಿಚಯದ ಆಟೋದವನೊಬ್ಬನಿದ್ದಾನೆ. ಅವನ ಪ್ರಕಾರ ವೀಲ್ ಬೇರಿಂಗ್. ಅವನ ತರ್ಕ ಮಾತ್ರ ನನಗೆ ಹಿಡಿಸಿತು. ಬೇರಿಂಗ್ ಸವೆದರೆ ಗುಂಯ್ ಅಂತ ಒಂದೇ ಸಮನೆ ಶಬ್ದ ಬರುತ್ತದೆ, ವೇಗ ಹೆಚ್ಚಿದಷ್ಟೂ ದನಿ ಏರುತ್ತದೆ. ಎಡಕ್ಕೆ ತಿರುಗಿದರೆ ಗಾಡಿಯ ಭಾರ ಬಲ ಚಕ್ರದ ಮೇಲೆ ವಾಲುತ್ತದೆ. ಆಗ ಗುಂಯ್ ಜಾಸ್ತಿಯಾದರೆ ಬಲಗಡೆ ಬೇರಿಂಗ್ ಹೋಗಿದೆ ಅಂತ ಲೆಕ್ಕ. ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಎಡಗಡೆಯದು. “ಒಂದು ಅರವತ್ತರಲ್ಲಿ ಓಡಿಸಿ ನೋಡಿ ಸಾರ್,” ಅಂದ.

ಹೇಳುವುದು ಸುಲಭ. ಮಡಿಕೇರಿ ಸುತ್ತಮುತ್ತ ಅರವತ್ತರಲ್ಲಿ ನೆಟ್ಟಗೆ ಓಡಿಸುವ ರಸ್ತೆ ಎಲ್ಲಿದೆ? ಮೂರ್ನಾಡು ಕಡೆ ಹೋದರೆ ತಿರುವು, ಸಂಪಾಜೆ ಕಡೆ ಇಳಿದರೆ ಘಾಟಿ, ಭಾಗಮಂಡಲದ ಕಡೆಯಂತೂ ಕೇಳುವುದೇ ಬೇಡ. ಬೇರಿಂಗ್ ಪರೀಕ್ಷೆಗೆ ಸುಂಟಿಕೊಪ್ಪ ದಾಟಿ ಆನೆಕಾಡಿನವರೆಗೆ ಹೋಗಬೇಕಾಯಿತು. ಕುಶಾಲನಗರದಲ್ಲಿ ಸೋದರತ್ತೆಯ ಮನೆಗೂ ಹೋದ ಹಾಗಾಯಿತು ಅಂತ ಹೆಂಡತಿಯೂ ಹೊರಟಳು. ಗಾಜು ಇಳಿಸಿ, ಅವಳು ಎಡಗಡೆ ಕಿವಿ ಹೊರಗಿಟ್ಟು, ನಾನು ಬಲಗಡೆ ಕಿವಿ ಹೊರಗಿಟ್ಟು, ಮಾತಿಲ್ಲದೆ ಕಾಡಿನ ನಡುವೆ ಹೋಗುತ್ತಿದ್ದೆವು. ಎದುರಿಗೆ ಬಂದ ಬೈಕಿನವನು ಗಾಬರಿಯಾಗಿ ನಿಧಾನ ಮಾಡಿ, “ಆನೆ ಇದ್ಯಾ ಸಾರ್?” ಅಂತ ಕೇಳಿದ. “ಇಲ್ಲ, ಬೇರಿಂಗ್,” ಅಂದೆ. ಅವನು ತಲೆಯಾಡಿಸಿ ಇನ್ನೂ ನಿಧಾನವಾಗಿ ಹೋದ.

ಗುಂಯ್ ಬರಲಿಲ್ಲ. ಒಂದು ಹಂತದಲ್ಲಿ ಏನೋ ಟಿಕ್ ಟಿಕ್ ಕೇಳಿಸಿ ಇಬ್ಬರಿಗೂ ಸಂಭ್ರಮವಾಯಿತು. ಕ್ಲಚ್ ಒತ್ತಿ ಎಂಜಿನ್ನಿನ ದನಿ ಇಳಿಸಿದೆ. ಟಿಕ್ ಟಿಕ್ ಹಾಗೇ ಇತ್ತು. ಎಂಜಿನ್ ಇಳಿದರೂ ಶಬ್ದ ಗಾಡಿಯ ವೇಗವನ್ನೇ ಹಿಡಿದುಕೊಂಡಿದ್ದರೆ ಅದು ಎಂಜಿನ್ನಿನದಲ್ಲ, ಚಕ್ರದ ಕಡೆಯದು. ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಟೈರಿನ ಗೀರಿನಲ್ಲಿ ಒಂದು ಜಲ್ಲಿ ಚೂರು ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ಎಸೆದೆ. ಟಿಕ್ ಟಿಕ್ ಹೋಯಿತು. ಸೋದರತ್ತೆಯ ಮನೆ ಅಂಗಳಕ್ಕೆ ತಿರುಗಿಸುವಾಗ ಕಟಕಟ ತಾನೇ ತಾನಾಗಿ ಬಂತು. ಅವರ ಮಗ ಹೊರಗೆ ಬಂದವನೇ, “ಭಾವ, ಮಾರಿಬಿಡಿ,” ಅಂದ. ಅವನು ಎಲ್ಲದಕ್ಕೂ ಅದನ್ನೇ ಹೇಳುತ್ತಾನೆ. ತೋಟಕ್ಕೂ.

ಕೊನೆಗೆ ಗ್ಯಾರೇಜಿನ ಕಾಕನಿಗೆ ಫೋನ್ ಮಾಡಿದೆ. ಕಾಕ ಕಡಿಮೆ ಮಾತಿನ ಮನುಷ್ಯ.

“ಹೇಗೆ ಶಬ್ದ? ಮಾಡಿ ತೋರಿಸಿ ನೋಡುವ.”

ನಾನಿದ್ದದ್ದು ಸ್ಟಾಫ್ ರೂಮಿನಲ್ಲಿ. ಹಿಂದಿ ಮೇಡಮ್ಮು ಪೇಪರ್ ತಿದ್ದುತ್ತಿದ್ದರು. ದನಿ ತಗ್ಗಿಸಿ, “ಕಟ ಕಟ ಕಟ,” ಅಂದೆ.

“ಜೋರಾಗಿ ಹೇಳಿ ಮಾಷ್ಟ್ರೇ. ಕಟಕಟವಾ, ಲೊಟಲೊಟವಾ?”

“ಕಟ ಕಟ ಕಟ ಕಟ!” ಮೇಡಮ್ಮು ಕೆಂಪು ಪೆನ್ನು ಕೆಳಗಿಟ್ಟರು.

ಕಾಕ ಸುಮ್ನೆ ಕೇಳುತ್ತಿರಲಿಲ್ಲ. ಗುಂಡಿಗೆ ಇಳಿದಾಗ ಲೊಟ್ ಲೊಟ್ ಅಂದರೆ ಲಿಂಕ್ ರಾಡೋ ಬುಷ್ಷೋ ಸವೆದಿರುತ್ತದೆ. ಬ್ರೇಕ್ ಪ್ಯಾಡ್ ಮುಗಿಯುತ್ತಾ ಬಂದರೆ ಕೀಂಯ್ ಅನ್ನುತ್ತದೆ. ಅಷ್ಟಾದರೂ ಲೆಕ್ಕಿಸದೆ ಓಡಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಗರ್ ಅನ್ನುತ್ತದೆ, ಆಮೇಲೆ ಡಿಸ್ಕೂ ಹೋಗುತ್ತದೆ. ಚಕ್ರದ ನಟ್ಟು ಸಡಿಲವಾಗಿದ್ದರೂ ಟಕ್ ಟಕ್ ಬರುತ್ತದೆ. “ಮೊದಲು ನಟ್ಟು ಟೈಟ್ ಇದ್ಯಾ ನೋಡಿ, ಬೇರೆ ಎಲ್ಲ ಆಮೇಲೆ,” ಅಂದರು ಕಾಕ. ಅದು ಸಡಿಲವಿದ್ದರೆ ಚಕ್ರವೇ ಕಳಚಿಕೊಳ್ಳಬಹುದು. ಸ್ಪ್ಯಾನರ್ ತಂದು ನೋಡಿದೆ, ಎಲ್ಲವೂ ಬಿಗಿ. “ಹಾಗಾದ್ರೆ ಬಯಲಿನಲ್ಲಿ ಸ್ಟೇರಿಂಗ್ ಫುಲ್ ಕಟ್ ಮಾಡಿ ನಿಧಾನ ಸುತ್ತು ಹಾಕಿ. ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ. ಯಾವ ಕಡೆ ಜಾಸ್ತಿ ಅಂತ ಹೇಳಿ.”

ಬಯಲು ಅಂದರೆ ಕೊಡಗಿನಲ್ಲಿ ಎಲ್ಲಿಂದ ತರುವುದು? ನಮ್ಮ ಮನೆಯಲ್ಲಿ ಸಮತಟ್ಟಾದ ಜಾಗ ಇರುವುದು ಒಂದೇ, ಕಾಫಿ ಒಣಗಿಸುವ ಕಣ. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ ಇತ್ತು. ಮಳೆಗೆ ಪಾಚಿ ಕಟ್ಟಿ ಮೂಲೆಗಳಲ್ಲಿ ಜಾರುತ್ತಿತ್ತು, ಅಷ್ಟೇ. ಹೆಂಡತಿ ಕಣದ ನಡುವೆ ನಿಂತಳು. ನಾನು ಫಸ್ಟ್ ಗೇರಿನಲ್ಲಿ ಅವಳ ಸುತ್ತ ಸುತ್ತತೊಡಗಿದೆ. ಅವಳೂ ಕಾರಿನ ಕಡೆ ಕಿವಿ ಮಾಡಿಕೊಂಡು ನಿಂತಲ್ಲೇ ತಿರುಗುತ್ತಿದ್ದಳು. ನಾಯಿಗೆ ಇದು ಹೊಸ ಆಟ, ಬೊಗಳುತ್ತಾ ಹಿಂದೆ ಓಡಿತು. ಬಾಳೆಎಲೆ ಕೊಯ್ಯಲು ಹೊರಟಿದ್ದ ಅತ್ತೆ ಕತ್ತಿ ಹಿಡಿದೇ ನಿಂತು ನೋಡಿದರು. ಆಮೇಲೆ ಕೈ ಜೋಡಿಸಿ, “ಪ್ರದಕ್ಷಿಣೆ ಬಲಗಡೆಯಿಂದ ಹಾಕಬೇಕು ಅಂತ ಹೇಳು ಅವರಿಗೆ,” ಅಂದರು.

ಎಡಕ್ಕೆ ಸುತ್ತಿದಾಗ ಕಟಕಟ. ಬಲಕ್ಕೆ ಸುತ್ತಿದಾಗ ಬರೀ ನಾಯಿ. ಅಷ್ಟು ಖಚಿತವಾಯಿತು ಅನ್ನುವಾಗ ಕಿರ್ರ್ ಅಂತ ಹಲ್ಲು ಜುಂ ಅನ್ನಿಸುವ ಹೊಸ ಶಬ್ದ. ಮತ್ತೆ ಕಾಕನಿಗೆ ಫೋನ್. “ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಕಲ್ಲು ಹೋಗಿದೆ. ಸ್ವಲ್ಪ ರಿವರ್ಸ್ ತಗೊಂಡು ಮುಂದೆ ಬಿಡಿ.” ಹಾಗೇ ಮಾಡಿದೆ. ಕಡಲೆ ಗಾತ್ರದ ಕಲ್ಲೊಂದು ಕಣದ ಮೇಲೆ ಟಣ್ ಅಂತ ಬಿತ್ತು. ಫೋನಿನಲ್ಲೇ ಕಲ್ಲು ತೆಗೆಸುವವರು ಬೇರೆಲ್ಲಿ ಸಿಗುತ್ತಾರೆ ಹೇಳಿ.

ಗ್ಯಾರೇಜಿಗೆ ಕಾರು ನೆಟ್ಟಗೆ ಹೋಯಿತು, ನೆಟ್ಟಗೆ ನಿಂತಿತು. ಫುಲ್ ಕಟ್ ಮಾಡಲು ಅಲ್ಲಿ ಜಾಗವಿಲ್ಲ, ಹಾಗಾಗಿ ಶಬ್ದವೂ ಇಲ್ಲ. ನಾನು ಮತ್ತೆ ಬಾಯಲ್ಲಿ ಕಟಕಟ ಮಾಡಲು ಸಿದ್ಧನಾದೆ. ಕಾಕ ಬೇಡ ಅಂತ ಕೈ ತೋರಿಸಿ ಬಲ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಸ್ಟೇರಿಂಗ್ ತಿರುಗಿಸಿ ಚಕ್ರ ಹೊರಳಿಸಿದ ಕಡೆಯಿಂದ ಒಳಗೆ ಕೈ ಹಾಕಿ ತೆಗೆದರು. ನಾಲ್ಕೂ ಬೆರಳು ಕಪ್ಪಗೆ. ರಿಮ್ಮಿನ ಒಳಮೈಗೆಲ್ಲ ಗ್ರೀಸು ಚಿಮ್ಮಿತ್ತು, ಅದರ ಮೇಲೆ ನಮ್ಮ ಕೆಮ್ಮಣ್ಣು ಮೆತ್ತಿ ಗಟ್ಟಿಯಾಗಿತ್ತು.

“ಬೂಟು ಹರಿದಿದೆ. ಇದಕ್ಕೆ ಕಿವಿ ಯಾಕೆ ಮಾಷ್ಟ್ರೇ, ಕೈ ಸಾಕು.”

ಬೂಟು ಅಂದರೆ ಚಕ್ರ ತಿರುಗಿಸುವ ಆಕ್ಸಲ್ ತುದಿಗೆ ತೊಡಿಸಿದ, ಮಡಿಕೆ ಮಡಿಕೆಯಾದ ರಬ್ಬರ್ ಚೀಲ. ಅದರೊಳಗೆ ಗ್ರೀಸಿನ ನಡುವೆ, ಆಕ್ಸಲನ್ನು ಚಕ್ರಕ್ಕೆ ಸೇರಿಸುವ ಸಿವಿ ಜಾಯಿಂಟ್ ಕೂತಿರುತ್ತದೆ. ರಬ್ಬರ್ ಬಿರಿದರೆ ಚಕ್ರ ತಿರುಗುವ ರಭಸಕ್ಕೆ ಗ್ರೀಸು ಹೊರಗೆ, ಕೆಸರು ನೀರು ಒಳಗೆ. ಶಬ್ದ ಬರುವ ಮುಂಚೆ ಸಿಕ್ಕಿದರೆ ಹೊಸ ಬೂಟು, ಹೊಸ ಗ್ರೀಸು, ಅಲ್ಲಿಗೆ ಮುಗಿಯುತ್ತದೆ. ಕಟಕಟ ಶುರುವಾಯಿತು ಅಂದರೆ ಒಳಗಿನ ಉಕ್ಕು ಸವೆದಾಗಿದೆ. ಶಬ್ದ ಬರುವ ಮುಂಚೆ ಅಂದರೆ ಜುಲೈ, ಆಗಸ್ಟ್. ಆ ತಿಂಗಳಲ್ಲಿ ನಮ್ಮ ಅಂಗಳದಲ್ಲಿ ಕಾರಿನ ಅಡಿಗೆ ಮಲಗಿದರೆ ಜಿಗಣೆಗೆ ಹಬ್ಬ.

ಬಿಚ್ಚಿದ ಜಾಯಿಂಟನ್ನು ಕಾಕ ಸೀಮೆಎಣ್ಣೆಯಲ್ಲಿ ತೊಳೆದು ಕೈಗೆ ಕೊಟ್ಟರು. ಒಂದು ಉಕ್ಕಿನ ಬಟ್ಟಲು, ಒಳಗೆ ಒಂದು ಗುಂಡು, ಎರಡರ ನಡುವಿನ ತೋಡುಗಳಲ್ಲಿ ಆರು ಬಾಲುಗಳು. ಬೆರಳು ಆಡಿಸಿದರೆ ಒಂದು ತೋಡಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು. ಚಕ್ರ ತಿರುಗಿಸಿಕೊಂಡು ಎಳೆಯುವಾಗ ಬಾಲು ಆ ತಗ್ಗಿಗೆ ಬಿದ್ದು ಎದ್ದು ಬರುವುದೇ ಕಟ್, ಕಟ್. ನೋಡಿ ನನಗೆ ಸಿಟ್ಟು ಬರುವ ಬದಲು ಖುಷಿಯಾಯಿತು. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ಇಂಥ ಜಾಯಿಂಟೇ ಇತ್ತು. ನಮ್ಮಲ್ಲಿ 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಮನೆಮನೆಯ ಗಾಡಿಯನ್ನೂ ಮುಂದಿನ ಚಕ್ರ ಎಳೆಯತೊಡಗಿತು. ತಿರುಗಲೂಬೇಕು, ಎಳೆಯಲೂಬೇಕು, ಎರಡೂ ಕೆಲಸ ಒಂದೇ ಚಕ್ರಕ್ಕೆ. ನಮ್ಮ ಘಾಟಿಗಳಲ್ಲಿ ಅದಕ್ಕೆ ಬಿಡುವು ಎಲ್ಲಿ?

ಹಳೇ ಜಾಯಿಂಟನ್ನು ತರಗತಿಗೆ ತೋರಿಸಲು ಕೇಳಿ ಪಡೆದು ಮನೆಗೆ ತಂದೆ. ಕಣದಲ್ಲಿ ಮತ್ತೆ ಎಡಕ್ಕೂ ಬಲಕ್ಕೂ ಸುತ್ತು ಹಾಕಿದೆ. ಎರಡು ಕಡೆಯೂ ಬರೀ ನಾಯಿ. ಬೇಲಿಯ ಹತ್ತಿರ ಸುಬೇದಾರ್ ಮಾವ ಕಾಯುತ್ತಿದ್ದರು. ಜಾಯಿಂಟ್ ಇಸಿದುಕೊಂಡು ಬಟ್ಟಲನ್ನು ಅತ್ತಿತ್ತ ಬಗ್ಗಿಸಿ ನೋಡಿದರು.

“ಇದು ಶಾಫ್ಟು ಬಗ್ಗಿದರೂ ತಿರುಗಲಿ ಅಂತ ಇಟ್ಟಿರೋದು ತಾನೇ?”

“ಹೌದು ಮಾವ.”

“ಕ್ರಾಸ್ ಮಾಡೋ ಕೆಲಸಾನೂ ಅದೇ ತಾನೇ?”

“ಅದೇ, ಆದರೆ ಕ್ರಾಸ್ ಬಗ್ಗಿದಾಗ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಏರಿ ಎರಡು ಸಲ ಇಳೀತದೆ. ಇದರಲ್ಲಿ ಹಾಗಾಗಲ್ಲ, ಒಂದೇ ಸಮ...”

“ಅಂದ್ರೆ ಕ್ರಾಸೇ,” ಅಂದರು. ಹೆಂಡತಿ ಬೇಲಿಯ ಈಚೆಯಿಂದ ನನ್ನನ್ನು ನೋಡಿ ನಕ್ಕಳು. ಆವತ್ತೇ ಅವರ ಮಾತು ಕೇಳಿ ಗ್ಯಾರೇಜಿಗೆ ಹೋಗಿದ್ದರೂ ಕಾಕ ಇದೇ ಜಾಯಿಂಟನ್ನೇ ಬಿಚ್ಚುತ್ತಿದ್ದರು ಅನ್ನುವುದು ನಿಜವೇ.

“ಗಾಡಿ ಅಂದ್ರೆ ಹೇಗಿರಬೇಕು ಬನ್ನಿ ತೋರಿಸ್ತೇನೆ, ಒಂದು ಶಬ್ದ ಇಲ್ಲ,” ಅಂತ ಅವರ ಶೆಡ್ಡಿಗೆ ಕರೆದುಕೊಂಡು ಹೋದರು. ಜೀಪು ಏರಿ ಸ್ಟಾರ್ಟ್ ಮಾಡಿದರು. ಶೆಡ್ಡಿನ ತಗಡು ನಡುಗಿತು, ಗೋಡೆಗೆ ನೇತು ಹಾಕಿದ್ದ ಕತ್ತಿಗಳು ಒಂದಕ್ಕೊಂದು ಬಡಿದುಕೊಂಡವು, ಸಿಲ್ವರ್ ಓಕ್ ಮರದಿಂದ ಹಕ್ಕಿಗಳೆಲ್ಲ ಎದ್ದವು. ಮಾವ ಸೀಟಿನಿಂದ ನನ್ನ ಕಡೆ ಬಗ್ಗಿ ನಗುತ್ತಾ ಏನೋ ಕೇಳಿದರು. ಏನು ಅಂತ ಕೇಳಿಸಲಿಲ್ಲ. ಹೌದು ಹೌದು ಅಂತ ತಲೆಯಾಡಿಸಿದೆ.