ಹದಿಮೂರು ಡಾಲರ್ ಲೆಕ್ಕ ಬಿಟ್ಟುಹೋಗಿದೆ

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ಪಡೆಯ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಲೇಖನವೆಲ್ಲ 1863ರ ಜುಲೈ 18ರಂದು ದಕ್ಷಿಣದವರ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನಡೆದ ದಾಳಿ, ಪಡೆಯ ಮುಖ್ಯಸ್ಥ ಕರ್ನಲ್ ರಾಬರ್ಟ್ ಶಾ ಸಾವು, ಇಷ್ಟರಲ್ಲೇ ಮುಗಿದುಹೋಯಿತು. ಸಂಬಳದ ಜಗಳ ಎಲ್ಲಿ?

ಈ ಕಪ್ಪು ಸೈನಿಕರನ್ನು ಸೇರಿಸಿಕೊಳ್ಳುವಾಗ ಬಿಳಿಯರಷ್ಟೇ, ಅಂದರೆ ತಿಂಗಳಿಗೆ 13 ಡಾಲರ್ ಅಂತ ಮಾತು ಕೊಟ್ಟಿದ್ದರು. ಕೇಂದ್ರ ಸರ್ಕಾರ ಕೊಡಲು ಬಂದದ್ದು 10. ಅದರಲ್ಲೂ ಬಟ್ಟೆಗೆ ಅಂತ 3 ಕಡಿತ! ಕೈಗೆ ಬರೋದು ಏಳೇ ಡಾಲರ್. ಅವರು ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಉಳಿದದ್ದನ್ನು ನಾವೇ ತುಂಬಿಕೊಡುತ್ತೇವೆ ಅಂತ ಮ್ಯಾಸಚೂಸೆಟ್ಸ್ ರಾಜ್ಯ ಮುಂದೆ ಬಂದಾಗಲೂ ಬೇಡ ಅಂದರು. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಊಟಕ್ಕೆ ಕಷ್ಟ, ಆದರೂ ಬೇಡ. ನನಗಂತೂ ಕೋಟೆ ಗೋಡೆ ಹತ್ತಿದ್ದಕ್ಕಿಂತ ಇದೇ ಜಾಸ್ತಿ ಗಟ್ಟಿತನ ಅನ್ನಿಸುತ್ತದೆ.

1864ರ ಜೂನ್‌ನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸಮಾನ ವೇತನಕ್ಕೆ ಒಪ್ಪಿತು. ಅದರಲ್ಲೂ ಒಂದು ಕೊಕ್ಕೆ: ಹಿಂದಿನ ಪೂರ್ತಿ ಬಾಕಿ 1861ರ ಏಪ್ರಿಲ್ 19ಕ್ಕೇ ಸ್ವತಂತ್ರರಾಗಿದ್ದವರಿಗೆ ಮಾತ್ರ. ಆಗ ಶಾ ನಂತರ ಪಡೆಯ ಮುಖ್ಯಸ್ಥರಾಗಿದ್ದ ಕರ್ನಲ್ ಹ್ಯಾಲೊವೆಲ್ ಒಂದು ಉಪಾಯ ಮಾಡಿದರು. ಆ ದಿನ ನಾನು ಯಾರಿಗೂ ಬಿಟ್ಟಿ ದುಡಿಮೆಯ ಋಣಿಯಾಗಿರಲಿಲ್ಲ ಅಂತ ಪ್ರಮಾಣ ಮಾಡಿಸಿದರು. ಗುಲಾಮಗಿರಿಯೇ ಅನ್ಯಾಯ ಅಂದಮೇಲೆ ಯಜಮಾನನಿಗೆ ದುಡಿಮೆಯ ಋಣವೆಲ್ಲಿ? ಗುಲಾಮರಾಗಿದ್ದವರೂ ಧೈರ್ಯವಾಗಿ ಹೇಳಬಹುದಾದ ಮಾತು, ಅಲ್ವಾ? ಇದರ ಬಗ್ಗೆಯೂ ಒಂದು ಲೇಖನ ಬರೆಯಿರಿ ಸರ್.