ಅಂಗವೈಕಲ್ಯ ಮತ್ತು ಮರೆವು: ನಾನೂ ಹಂಚಿದ್ದ ತಪ್ಪು ಸಂದೇಶದ ಬಗ್ಗೆ ಸ್ಪಷ್ಟನೆ

"ಅಂಗವಿಕಲರಿಗೆ ಮರೆವು ಶುರುವಾದರೆ ಅದು ಡಿಮೆನ್ಷಿಯಾದ ಮೊದಲ ಹಂತವೇ, ಮಾಡುವುದಕ್ಕೆ ಏನೂ ಇಲ್ಲ" ಎಂಬ ಸಂದೇಶ ಓಡಾಡುತ್ತಿದೆ. (ಡಿಮೆನ್ಷಿಯಾ ಎಂದರೆ ನೆನಪು, ಯೋಚನಾಶಕ್ತಿ ಕುಂದಿ ದಿನನಿತ್ಯದ ಕೆಲಸಕ್ಕೂ ಅಡ್ಡಿಯಾಗುವ ಸ್ಥಿತಿ.) ಹೋದ ವಾರ ನಾನೂ ಅದನ್ನು ಎರಡು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು.

ವಯಸ್ಸಿಗೆ ಮೀರಿದ ಮರೆವಿದ್ದರೂ ದಿನನಿತ್ಯದ ಕೆಲಸ ತಾವೇ ನಿಭಾಯಿಸಬಲ್ಲ ಸ್ಥಿತಿಯನ್ನು ಸೌಮ್ಯ ಅರಿವಿನ ದೌರ್ಬಲ್ಯ ಎನ್ನುತ್ತಾರೆ. ಇಂಥವರಿಗೆ ಡಿಮೆನ್ಷಿಯಾದ ಅಪಾಯ ಹೆಚ್ಚು, ನಿಜ. ಆದರೆ ಹಲವರು ವರ್ಷಗಟ್ಟಲೆ ಹಾಗೆಯೇ ಇರುತ್ತಾರೆ, ಕೆಲವರು ಮೊದಲಿನಂತಾಗುತ್ತಾರೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವನ್ನು ಸರಿಪಡಿಸಬಹುದು.

ವೈಕಲ್ಯವಿದ್ದ ಮಾತ್ರಕ್ಕೆ ಮರೆವು ಕಟ್ಟಿಟ್ಟದ್ದಲ್ಲ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ಗುರುತಿಸಿದ, ಬದಲಾಯಿಸಬಹುದಾದ 14 ಅಪಾಯಾಂಶಗಳಲ್ಲಿ ಶ್ರವಣದೋಷ, ಚಿಕಿತ್ಸೆ ಸಿಗದ ದೃಷ್ಟಿದೋಷ, ದೈಹಿಕ ಚಟುವಟಿಕೆಯ ಕೊರತೆ, ಜನಸಂಪರ್ಕವಿಲ್ಲದಿರುವುದು ಸೇರಿವೆ. (ಗಾಲಿಕುರ್ಚಿ ಹೊಸ್ತಿಲು ದಾಟದ ಮನೆಯಲ್ಲಿ ಕೊನೆಯ ಎರಡು ತಾವಾಗಿಯೇ ಬಂದು ಕೂರುತ್ತವೆ.) ಡೌನ್ ಸಿಂಡ್ರೋಮ್ ಇರುವವರದು ಮಾತ್ರ ಬೇರೆ ವಿಷಯ: ಹುಟ್ಟಿನಿಂದಲೇ ಇರುವ ಹೆಚ್ಚುವರಿ 21ನೇ ಕ್ರೋಮೋಸೋಮ್‌ನಿಂದಾಗಿ ಅವರಿಗೆ ಡಿಮೆನ್ಷಿಯಾ ತರುವ ಆಲ್‌ಝೈಮರ್ ಕಾಯಿಲೆಯ ಅಪಾಯ ನಿಜಕ್ಕೂ ಹೆಚ್ಚು, ಅದೂ ಚಿಕ್ಕ ವಯಸ್ಸಿಗೇ.

ನನ್ನಿಂದ ಆ ಸಂದೇಶ ಪಡೆದವರು ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ. ಮರೆವು ಕಂಡರೆ ವೈದ್ಯರಿಗೆ ತೋರಿಸಿ, ಕಿವಿ ಮತ್ತು ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ.