ಗುರುತು ಸಿಕ್ಕಿತೇ?

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1950ರಿಂದ 1967ರವರೆಗೆ ನಡೆದ ‘ವಾಟ್ಸ್ ಮೈ ಲೈನ್?’ ಎಂಬ ಕಪ್ಪು-ಬಿಳುಪು ಆಟವನ್ನು ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ನೋಡುವುದು ನನಗಂಟಿದ ಚಟ. ಬಂದವರ ಕಸುಬು ಯಾವುದೆಂದು ಅವರ ಹೌದು-ಅಲ್ಲಗಳಿಂದಲೇ ಪತ್ತೆಹಚ್ಚಬೇಕು. ಒಂದೊಂದು ‘ಅಲ್ಲ’ಕ್ಕೂ ಅತಿಥಿಗೆ 5 ಡಾಲರ್, ಹತ್ತು ಸಲ ‘ಅಲ್ಲ’ ಬಿದ್ದರೆ ಆಟ ಅವರದೇ. ಹೆಸರಾಂತವರು ಬಂದಾಗಲಂತೂ ಪತ್ರಕರ್ತೆ ಡೊರೊಥಿ ಕಿಲ್ಗ್ಯಾಲನ್, ನಟಿ ಆರ್ಲೀನ್ ಫ್ರಾನ್ಸಿಸ್, ಪ್ರಕಾಶಕ ಬೆನೆಟ್ ಸರ್ಫ್ ಮೊದಲಾದ ಘಟಾನುಘಟಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಡಕಾಡುತ್ತಾರೆ. 1957ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಬಂದು, ಬರಹಗಾರರೇ ಎಂದರೂ ಹೌದು, ಕ್ರೀಡೆಯ ನಂಟಿದೆಯೇ ಎಂದರೂ ಹೌದು ಎನ್ನತೊಡಗಿದಾಗ, ನಿರೂಪಕ ಜಾನ್ ಡೇಲಿ ನಡುವೆ ಬಾಯಿ ಹಾಕಿ ಉತ್ತರ ತಿದ್ದಬೇಕಾಯಿತು. ಅದನ್ನು ನೋಡಿ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ.

ಮರುದಿನ ಬಂಧುಗಳೊಬ್ಬರ ಮದುವೆ. ಪ್ಯಾಂಟು, ಅರ್ಧ ತೋಳಿನ ಅಂಗಿ ತೊಟ್ಟಿದ್ದ ಹಿರಿಯರೊಬ್ಬರು ಊಟದ ಸಾಲಿನಲ್ಲಿ ನನ್ನ ಹೆಗಲು ಹಿಡಿದು, “ಏನಪ್ಪಾ, ಗುರುತು ಸಿಕ್ಕಿತಾ?” ಎಂದರು. ಇಂಥ ಹೊತ್ತಿನಲ್ಲಿ ‘ಇಲ್ಲ’ ಎನ್ನುವ ಧೈರ್ಯ ಯಾರಿಗಿದೆ? “ಅಯ್ಯೋ, ಸಿಗದೆ ಇರುತ್ತದೆಯೇ!” ಎಂದುಬಿಟ್ಟೆ.

“ಹಾಗಾದರೆ ಹೇಳು, ಯಾರು?”

ಕಣ್ಣಿಗೆ ಪಟ್ಟಿಯಿಲ್ಲದೆಯೇ ಕತ್ತಲೆ ಕವಿಯಿತು. “ನಮ್ಮ ತಂದೆಯ ಕಡೆಯವರಲ್ಲವೇ?” “ಹೌದು.” “ಅಂದರೆ... ನಮ್ಮ ಮಾವನವರಿಗೂ ಬೇಕಾದವರು?” “ಅದೂ ಹೌದು!” “ಬ್ಯಾಂಕಿನಲ್ಲಿದ್ದಿರಿ?” “ವಾರಕ್ಕೊಮ್ಮೆ ಹೋಗುತ್ತಿದ್ದೆನಪ್ಪಾ.” ಉತ್ತರ ತಿದ್ದಲು ಅಲ್ಲಿ ಡೇಲಿ ಇರಲಿಲ್ಲ, ಹಿಂದಿನವರು ಎಲೆಯ ಮುಂದೆ ಕೂರುವ ಆತುರದಲ್ಲಿದ್ದರು.

ಅಷ್ಟರಲ್ಲಿ ನನ್ನಾಕೆ ಬಂದವಳೇ ಅವರ ಕಾಲಿಗೆರಗಿ, “ಶಾಸ್ತ್ರಿಗಳೇ, ನಮ್ಮ ಮದುವೆ ಮಾಡಿಸಿದವರು ನೀವು, ಮನೆಗೆ ಬರದೆ ಹೋಗಬಾರದು” ಎಂದಳು. ಪಂಚೆ, ಶಲ್ಯಗಳಿಲ್ಲದ ಪುರೋಹಿತರನ್ನು ನಾನು ಹೇಗೆ ಗುರುತಿಸಲಿ?

ಆ ರಾತ್ರಿ ಮನಸ್ಸು ಹಗುರಾಗಲೆಂದು ‘ಐವ್ ಗಾಟ್ ಎ ಸೀಕ್ರೆಟ್’ ಎಂಬ ಇನ್ನೊಂದು ಆಟ ಹಾಕಿದೆ. 1956ರ ಆ ಕಂತಿನಲ್ಲಿ 95 ವರ್ಷದ ಸ್ಯಾಮ್ಯುಯೆಲ್ ಸೀಮೋರ್ ಕುಳಿತಿದ್ದರು; ಲಿಂಕನ್ನರಿಗೆ ಗುಂಡು ಬಿದ್ದ 1865ರ ರಾತ್ರಿ, ಐದು ವರ್ಷದ ಬಾಲಕನಾಗಿ ಅದೇ ರಂಗಮಂದಿರದಲ್ಲಿದ್ದದ್ದೇ ಅವರ ಗುಟ್ಟು.

“ನೋಡಿ, ಅವರಿಗೆ 91 ವರ್ಷದ ಹಿಂದಿನದು ನೆನಪಿದೆ” ಎಂದು ನನ್ನಾಕೆ ದೀಪ ಆರಿಸಿದಳು.